ಇಪ್ಪತ್ತೊಂದನೇ ಗಂಟು

ಒಂದಾನೊಂದು ಕಾಲದಲ್ಲಿ, ಕಡಲಿಗೆ ಹಾಕಿದ ಉಪ್ಪು ಇನ್ನೂ ಸರಿಯಾಗಿ ಕರಗಿರದ ಕಾಲದಲ್ಲಿ, ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಚಾಪೆ ಹಾಸಿದ ಹಾಗೆ ಒಂದು ಮರಳ ದಿಬ್ಬ ಇತ್ತಂತೆ, ಆ ದಿಬ್ಬದ ಮೇಲೆ ಇಪ್ಪತ್ತೊಂದು ಮನೆ ಇದ್ದವಂತೆ, ಎಲ್ಲದಕ್ಕೂ ತೆಂಗಿನ ಗರಿಯ ಮಡಲು ಹೊದಿಸಿದ ಮಾಡು. ಹೂಂ ಅನ್ನು ಮಗಾ. ಹೂಂ ಅನ್ನದವರಿಗೆ ಕತೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ.

ಆ ಊರಿಗೆಲ್ಲ ಬಲೆ ಒಂದೇ ಅಂತೆ. ಮಳೆಗಾಲದಲ್ಲಿ ಮನೆಗೊಂದು ತುಂಡು ಹೆಣೆದು ಇಟ್ಟುಕೊಳ್ಳೋದು, ನೂಲಹುಣ್ಣಿಮೆ ದಿನ ಕಡಲಿಗೆ ತೆಂಗಿನಕಾಯಿ ಬಿಟ್ಟು, ಎಲ್ಲ ತುಂಡುಗಳನ್ನೂ ದಡಕ್ಕೆ ತಂದು ಸಾಲಾಗಿ ಹಾಸೋದು, ಆಮೇಲೆ ಊರಿನ ಯಜಮಾನ ಗುರಿಕಾರ ಸೂರಪ್ಪ ಅವನ್ನು ಒಂದಕ್ಕೊಂದು ಗಂಟು ಹಾಕಿ ದೊಡ್ಡ ಬಲೆ ಮಾಡೋದು. ಒಂದೊಂದು ಗಂಟಿಗೂ ಯಾರ ಮನೆ ತುಂಡು ಅಂತ ಹೆಸರು ಹಿಡಿದು ಕೂಗ್ತಿದ್ದನಂತೆ, ಆ ಮನೆಯವರು ಹೋ ಅಂತ ಓಗೊಡಬೇಕಂತೆ. ಓಗೊಟ್ಟವರಿಗೆ ಮೀನಿನಲ್ಲಿ ಪಾಲು. ಓಗೊಡದವರು ಆ ಊರಿನವರೇ ಅಲ್ಲ.

ಊರಿನ ಬಡಗು ತುದಿಯ ಮನೆಯಲ್ಲಿ ಅಕ್ಕು ಅಂತ ಒಬ್ಬಳಿದ್ದಳಂತೆ. ಅವಳ ಗಂಡ ಬಚ್ಚ ಹಿಂದಿನ ವರ್ಷ ಕಡಲಿಗೆ ಹೋದವನು, ದೋಣಿ ಬಂತು, ಅವನು ಬರಲಿಲ್ಲ. ಅಕ್ಕು ಅತ್ತಳು, ಅತ್ತು ಮುಗಿಸಿ ಮಗಳು ಪದ್ದುವನ್ನು ಮಡಿಲಲ್ಲಿ ಹಾಕಿಕೊಂಡು ಗಂಡನ ಬಲೆತುಂಡಿನ ಹರಿದ ಕಣ್ಣುಗಳನ್ನೆಲ್ಲ ಮಳೆಗಾಲವಿಡೀ ಹೆಣೆದಳು, ಹುಣ್ಣಿಮೆ ದಿನ ಹೊತ್ತು ತಂದಳು. ಸೂರಪ್ಪ ಇಪ್ಪತ್ತು ತುಂಡು ಸೇರಿಸಿದವನು ಅವಳ ತುಂಡಿನ ಹತ್ತಿರ ಬಂದು ಕೈ ಹಿಂದಕ್ಕೆ ತೆಗೆದನಂತೆ. ದೋಣಿಗೆ ಆಳಿಲ್ಲದ ಮನೆಯ ತುಂಡು ಸೇರಿಸೋ ಪದ್ಧತಿ ಇಲ್ಲ ಕಣಮ್ಮ ಅಂದ. ಅಕ್ಕು ಅಂದಳು, ದೋಣಿಗೆ ಬೇಡ, ದಡದಲ್ಲಿ ನಿಂತು ಹಗ್ಗ ಎಳೀತೀನಿ. ಸೂರಪ್ಪ ಹೇಳಿದ, ಹೆಂಗಸು ಹಗ್ಗ ಹಿಡಿದ್ರೆ ಕಡಲು ನಗುತ್ತೆ, ದೀಪಾವಳಿ ಕಳೀಲಿ, ಮಗೂನ ಕರ್ಕೊಂಡು ತವರಿಗೆ ಹೋಗು.

ಕೆಟ್ಟವನೇನಲ್ಲ ಅವನು. ಅವನ ಅಪ್ಪ ಹಾಗೇ ಮಾಡ್ತಿದ್ದ, ಅಜ್ಜನೂ ಹಾಗೇ ಮಾಡ್ತಿದ್ದ, ಅಷ್ಟೆ. ತಲೆ ಓಡಿಸೋದಕ್ಕಿಂತ ಪದ್ಧತಿ ಓಡಿಸೋದು ಸುಲಭ ನೋಡು. ಅಕ್ಕು ತುಂಡನ್ನು ಮನೆಗೆ ತಂದು ಗೋಡೆಗೆ ತೂಗುಹಾಕಿದಳಂತೆ. ಅವಳಿಗೆ ಮೀನಿನ ಪಾಲು ಹೋಯ್ತಲ್ಲ ಅಂತ ಅಲ್ಲ ದುಃಖ. ಊರೆಲ್ಲ ಹೋ ಅಂದಾಗ ತನ್ನ ಗಂಟಲಲ್ಲಿ ಬಂದದ್ದನ್ನು ನುಂಗಿಕೊಂಡಳಲ್ಲ, ಅದು.

ಆಮೇಲೆ ಏನಾಯ್ತಂತೆ ಅಂದ್ರೆ, ಕಡಲಾಚೆ ಒಬ್ಬಳು ಗಾಳಿಮುದುಕಿ ಇದ್ದಳು. ಅವಳಿಗೆ ಮೂರು ಗಂಡುಮಕ್ಕಳು, ಮೂವರೂ ಗಾಳಿಗಳೇ. ಹುಟ್ಟಿದಾಗಿನಿಂದ ಅಲೆದು ಅಲೆದು ಮುದುಕಿಗೆ ಸಾಕಾಗಿ, ಮಕ್ಕಳೇ, ನನಗೂ ಕಾಲು ಚಾಚೋಕೆ ಒಂದು ಮನೆ ತಂದುಕೊಡಿ ಅಂದಳಂತೆ. ಸರಿ, ಮೊದಲು ದೊಡ್ಡವನು ಹೊರಟ. ಮರಳ ದಿಬ್ಬಕ್ಕೆ ಬಂದು, ಮನೆ ಅಂದ್ರೆ ಮಾಡು ತಾನೇ ಅಂದುಕೊಂಡು, ಇಪ್ಪತ್ತೊಂದು ಮನೆಯ ಮಡಲನ್ನೂ ಕೋಳಿಯ ಪುಕ್ಕ ಕಿತ್ತ ಹಾಗೆ ಕಿತ್ತು ಜೋಳಿಗೆಗೆ ತುಂಬಿಕೊಂಡು ಹೋದ. ಜನ ಮಲಗಿದಲ್ಲಿಂದಲೇ ನಕ್ಷತ್ರ ನೋಡಿದರಂತೆ. ಬೆಳಗಾದ ಮೇಲೆ ಅವರವರ ಮಾಡು ಅವರವರೇ ಹೊದಿಸಿಕೊಂಡರು.

ಆಮೇಲೆ ಎಂಟು ದಿನಕ್ಕೆ ನಡುವಿನವನು ಬಂದ. ಮಾಡು ನಿಲ್ಲೋಕೆ ಕಂಬ ಬೇಡವಾ ಅಂತ ತೆಂಗಿನ ಮರಗಳನ್ನು ಆರಿಸಿ ಆರಿಸಿ ಎತ್ತಿಕೊಂಡ. ಆವತ್ತು ಬಾವಿಗೆಲ್ಲ ಉಪ್ಪುನೀರು ನುಗ್ಗಿತು, ಬಾವಿಯಿಂದ ಕೊಡ ಎಳೆದ್ರೆ ಕೊಡದಲ್ಲಿ ಬೂತಾಯಿ ಮೀನು, ಒಂದು ದೋಣಿ ಹೋಗಿ ಮರದ ತುದಿಯಲ್ಲಿ ಹಕ್ಕಿಯ ಹಾಗೆ ಕೂತಿತ್ತಂತೆ. ಊರೆಲ್ಲ ಸುತ್ತಿ ದಣಿದು ಆ ಗಾಳಿ ಅಕ್ಕುವಿನ ಮನೆಯೊಳಗೆ ನುಗ್ಗಿ ಹೊರಗೆ ಹೋಗೋಕೆ ನೋಡ್ತದೆ, ಅದರ ಬಾಲ ಗೋಡೆಯ ಬಲೆಯ ಕಣ್ಣಲ್ಲಿ ಸಿಕ್ಕಿಕೊಂಡುಬಿಟ್ಟಿದೆ.

ಗಾಳಿ ಬಲೆಗೆ ಬೀಳುತ್ತಾ ಅಂತ ಕೇಳಬೇಡ. ಬಿತ್ತಂತೆ.

ಬಿಡು ತಾಯಿ, ಅಮ್ಮ ಕಾಯ್ತಿರ್ತಾಳೆ ಅಂತ ಅದು ಅಂಗಲಾಚಿತು. ಅಕ್ಕು ಬಲೆ ಬಿಡಿಸ್ತಾ ಬಿಡಿಸ್ತಾ, ಯಾಕಪ್ಪ ನಮ್ಮ ಹೊಟ್ಟೆ ಮೇಲೆ ಹೊಡೀತೀರಿ ಅಂತ ಕೇಳಿದಳು. ಗಾಳಿ ಎಲ್ಲ ಹೇಳ್ತು. ಅಣ್ಣ ಮಾಡು ತಂದ, ನಾನು ಕಂಬ ತಂದೆ, ಅಮಾವಾಸ್ಯೆಗೆ ತಮ್ಮ ಬರ್ತಾನೆ, ಅವನು ಉಳಿದದ್ದೆಲ್ಲ ತರ್ತಾನೆ, ಒಲೆ, ತೊಟ್ಟಿಲು, ತೊಟ್ಟಿಲಲ್ಲಿ ಮಲಗಿದ್ದು ಸಮೇತ. ಅಕ್ಕುವಿನ ಕೈ ನಿಂತುಹೋಯ್ತು. ಅವನನ್ನ ತಡೆಯೋದು ಹೇಗೆ ಅಂದಳು. ಗಾಳಿ ಹೇಳ್ತು, ಅವನ ಮುಷ್ಟಿಗೆ ಹಿಡಿಸೋದು ಒಂದು ಸಲಕ್ಕೆ ಒಂದು ಮನೆ, ನೀವು ಇಪ್ಪತ್ತೊಂದು ಇದ್ರೆ ಇಪ್ಪತ್ತೊಂದು ಸಲ ಎತ್ತುತ್ತಾನೆ, ಎಲ್ಲ ಸೇರಿ ಒಂದೇ ಆದ್ರೆ ಏನು ಮಾಡ್ತಾನೋ ನಂಗೊತ್ತಿಲ್ಲ. ಅಷ್ಟು ಹೇಳಿ ಬಾಲ ಎಳಕೊಂಡು ಹೊರಟುಹೋಯ್ತು.

ಅಕ್ಕು ಬೇಕಿದ್ರೆ ಆಗಲೇ ಮಗಳನ್ನ ಎತ್ತಿಕೊಂಡು ಹೊಳೆ ದಾಟಿ ಹೋಗಬಹುದಿತ್ತು. ತವರಲ್ಲಿ ಕೆಂಪುಕಲ್ಲಿನ ಗೋಡೆ, ಗಟ್ಟಿ ಮನೆ. ಇದು ಹೇಗೂ ಹೋಗು ಅಂದವರ ಊರು. ಹೊಸ್ತಿಲವರೆಗೂ ಹೋದಳಂತೆ. ಅಲ್ಲಿಂದ ಸಾಲಾಗಿ ಅಷ್ಟೂ ಮನೆಯ ಒಲೆಯ ಹೊಗೆ ಕಾಣ್ತು. ಕಾಲು ಹೊಳೆಯ ಕಡೆ ಹೋಗಲಿಲ್ಲ, ಗುರಿಕಾರನ ಮನೆ ಕಡೆ ಹೋಯ್ತು.

ಗಾಳಿ ಹೇಳಿದ್ದನ್ನೆಲ್ಲ ಹೇಳಿ, ಊರಿನ ಮೇಲೆ ದೊಡ್ಡ ಬಲೆ ಹೊದಿಸಿ ಎಲ್ಲ ಒಂದೇ ಮನೆ ಮಾಡಬೇಕು ಅಂದಳು. ಸೂರಪ್ಪ, ಗಾಳಿ ನಿನ್ನ ಹತ್ರ ಮಾತಾಡ್ತಾ, ಊರಿನ ಗುರಿಕಾರ ನಾನಿದ್ದೀನಿ, ನನ್ನ ಹತ್ರ ಯಾಕೆ ಮಾತಾಡಲಿಲ್ಲ ಅಂದನಂತೆ. ನಿನ್ನ ಮನೇಲಿ ಬಲೆ ಇರಲಿಲ್ಲ, ನನ್ನ ಮನೇಲಿತ್ತು ಅಂದಳು ಅಕ್ಕು. ಸೂರಪ್ಪ ಕಡಲು ಗೊತ್ತಿದ್ದ ಮನುಷ್ಯ, ಹೊರಗೆ ಬಂದು ನೋಡಿದ. ಕಡಲು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು, ಒಂದು ಹಕ್ಕಿಯೂ ಇರಲಿಲ್ಲ. ಬಲೆ ತನ್ನಿ ಅಂದ.

ಅಮಾವಾಸ್ಯೆ ಬೆಳಿಗ್ಗೆ ಊರಿಗೆ ಊರೇ ಸೇರಿ ಬಡಗು ತುದಿಯಿಂದ ಬಲೆ ಹೊದಿಸ್ತಾ ಬಂತು. ಅಕ್ಕುವಿನ ಮನೆ ಮೇಲೆ, ಅದರಾಚೆಯ ಮನೆ ಮೇಲೆ, ಅಂಚನ್ನೆಲ್ಲ ಮರಳಲ್ಲಿ ಹೂತ ದೋಣಿಗಳಿಗೆ ಬಿಗಿದು, ಹಾಗೇ ತೆಂಕು ತುದಿಗೆ ಬಂದು ನೋಡಿದ್ರೆ, ಬಲೆ ಸಾಲದು. ಸರಿಯಾಗಿ ಒಂದು ತುಂಡು ಕಡಿಮೆ. ಹೊರಗೆ ಉಳಿದದ್ದು ಯಾರ ಮನೆ ಗೊತ್ತಾ, ಗುರಿಕಾರನದ್ದು. ಅವನದೊಂದೇ ಮನೆ ಹೋಗೋದಾದ್ರೆ ಹೋಗಲಿ ಅನ್ನೋ ಹಾಗೂ ಇಲ್ಲ, ಆ ಸಂದಿಗೆ ಗಾಳಿ ಕೈ ಹಾಕಿದ್ರೆ ಬಲೆಯೇ ಎದ್ದು ಹೋಗ್ತದೆ, ಊರೂ ಹೋಗ್ತದೆ. ಎಲ್ಲರೂ ಸೂರಪ್ಪನ ಮುಖ ನೋಡಿದರು, ಅವನು ನೆಲ ನೋಡಿದ. ನಾನಾಗಿದ್ರೆ ಅವನಿಗೆ ನಾಲ್ಕು ಮಾತು ಅಂದೇ ಬಿಡ್ತಿದ್ದೆ. ಅಕ್ಕು ಅನ್ನಲಿಲ್ಲ. ಓಡಿಹೋಗಿ ಗೋಡೆಯ ಮೇಲಿದ್ದ ತುಂಡು ತಂದು ಅವನ ಮುಂದೆ ಹಾಸಿದಳಂತೆ.

ಸೂರಪ್ಪ ಕುಕ್ಕರಗಾಲಲ್ಲಿ ಕೂತು ಗಂಟು ಹಾಕಿದ. ಹಾಕುವಾಗ ಹೆಸರು ಕೂಗಬೇಕಲ್ಲ, ಬಚ್ಚನ ಹೆಸರು ಕೂಗಿದ್ರೆ ಓಗೊಡೋಕೆ ಬಚ್ಚ ಇಲ್ಲ. ಆಮೇಲೆ ಆ ಊರಲ್ಲಿ ಯಾವ ಗುರಿಕಾರನೂ ಕೂಗದ ಹಾಗೆ ಕೂಗಿದನಂತೆ, ಅಕ್ಕುವಿನ ಮನೆ ತುಂಡು.

ಹೋ ಅಂದಳು ಅಕ್ಕು. ಸೊಂಟದ ಮೇಲಿದ್ದ ಪದ್ದುವೂ ಹೋ ಅಂತು.

ಆಮೇಲೆ ಕಿರಿಯವನು ಬಂದ. ಮಧ್ಯಾಹ್ನವೇ ಕತ್ತಲಾಯ್ತು, ಕಡಲು ಎದ್ದು ನಿಂತಿತು. ಒಂದು ಸಲ ಬಡಗಿನಿಂದ ಎತ್ತಿ ನೋಡಿದ, ಬರಲಿಲ್ಲ. ಇನ್ನೊಂದು ಸಲ ನಡುವಿನಿಂದ ಎತ್ತಿ ನೋಡಿದ, ಬರಲಿಲ್ಲ. ಮೂರನೇ ಸಲ ತೆಂಕಿಗೆ ಬಂದು ಇಪ್ಪತ್ತೊಂದನೇ ಗಂಟಿಗೇ ಬೆರಳು ಹಾಕಿ ಎಳೆದ. ಗಂಟು ಕಿರ್‍ ಅಂತು, ಬಿಚ್ಚಲಿಲ್ಲ. ಅವನಿಗೆ ಆಶ್ಚರ್ಯವಾಗಿ, ಇದು ಯಾರ ಮನೆ ಅಂತ ಕೂಗಿದನಂತೆ. ಬಲೆಯ ಕೆಳಗಿಂದ ಇಪ್ಪತ್ತೊಂದು ಮನೆಯವರೂ ಒಟ್ಟಿಗೇ ಹೋ ಅಂದರು. ಅಯ್ಯೋ, ಇದು ಒಂದೇ ಮನೆ, ನನ್ನ ಮುಷ್ಟಿಗೆ ಹಿಡಿಸೋದಲ್ಲ ಅಂತ ಬರಿಗೈಲಿ ತಿರುಗಿ ಹೋದ. ಮುದುಕಿ ಬೈಯಲಿಲ್ಲವಂತೆ. ಅಷ್ಟು ಜನ ಇರೋ ಮನೆ ತಂದ್ರೆ ಅಡುಗೆ ಯಾರು ಮಾಡೋದು, ಬಿಡು ಮಗನೇ ಅಂದಳಂತೆ.

ಮುಂದಿನ ನೂಲಹುಣ್ಣಿಮೆಗೆ ಸೂರಪ್ಪ ಮೊದಲು ಕೂಗಿದ್ದು ಅಕ್ಕುವಿನ ಮನೆಯನ್ನ. ಅಕ್ಕು ಸೆರಗು ಬಿಗಿದು ಹಗ್ಗ ಹಿಡಿದಳು. ಹೆಂಗಸು ಹಗ್ಗ ಹಿಡಿದ್ರೆ ಕಡಲು ನಗುತ್ತೆ ಅಂದಿದ್ನಲ್ಲ, ನಕ್ಕಿತಂತೆ. ನಕ್ಕ ಬಾಯಿಂದ ಬಂಗುಡೆ ಮೀನು ಸುರೀತಂತೆ, ಊರು ಮೂರು ದಿನ ತಿಂದರೂ ಮುಗೀಲಿಲ್ಲ.

ಬಲೆ ಒಣಗ್ತು, ಕತೆ ದಡಕ್ಕೆ ಬಂತು. ಎಲ್ಲಿ, ಹೂಂ ನಿಂತೇಹೋಯ್ತಲ್ಲ. ಹೊರಗೆ ಗಾಳಿ ನಮ್ಮ ಬಾಗಿಲಿಗೂ ಬಂದು ಯಾರ ಮನೆ ಅಂತ ಕೇಳ್ತಾ ಇದೆ ನೋಡು. ಒಂದು ಸಲ ಹೋ ಅಂದುಬಿಟ್ಟು ಮಲಗು ಮಗಾ.