ಕೆಂಪಕ್ಷರ ಯಂತ್ರದ್ದು, ಕಪ್ಪಕ್ಷರ ಯಾರದು?

ಕೋಡಿನ ತಪ್ಪು ಹುಡುಕುವ ಯಂತ್ರದ ತಪಾಸಣಾ ವರದಿ ಓದದೆ ಯಾರೂ ಹೊಸ ಕೋಡಿಗೆ ಒಪ್ಪಿಗೆ ಕೊಡಬಾರದು. ಆ ಸಾಫ್ಟ್‌ವೇರ್ ಕಚೇರಿಯ ಈ ನಿಯಮವನ್ನು ಎಲ್ಲರೂ ಮುರಿದಿದ್ದರು. ವರದಿ ಬೇರೆಲ್ಲೋ ಒಂದು ಪುಟದಲ್ಲಿರುತ್ತಿತ್ತು. ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ.

ಆ ಶುಕ್ರವಾರ ಆಸ್ಪತ್ರೆಯೊಂದಕ್ಕೆ ಔಷಧದ ಪ್ರಮಾಣ ಹೇಳುವ ಕೋಡ್ ಹೋಗಬೇಕಿತ್ತು. ಅದನ್ನು ಬರೆದ ಮ್ಯಾನೇಜರ್ ಶೆಣೈ ಕೋಡಿಗೆ ಒಪ್ಪಿಗೆ ಕೊಡಬೇಕಾದ ಪರೀಕ್ಷಕಿಯ ಮೇಜಿಗೆ ಬಂದರು.

"ಕೋಡ್ ಸೇರಿಸೋಕೆ ಪುಲ್ ರಿಕ್ವೆಸ್ಟ್ ಕಳಿಸಿದ್ದೀನಿ. ನಾಲ್ಕರೊಳಗೆ ಒಪ್ಪಿಗೆ ಒತ್ತಮ್ಮ. ಇಲ್ಲದಿದ್ದರೆ ಸೋಮವಾರ ಬರಬೇಡ."

"ವರದಿ ನೋಡಿದಿರಾ ಸಾರ್?"

"ಇಪ್ಪತ್ತು ವರ್ಷದ ಅನುಭವ ನನ್ನದು. ಯಂತ್ರ ನನಗೆ ಪಾಠ ಹೇಳಬೇಕಾ?"

ಅವರು ಹೋದ ಮೇಲೆ ಆಕೆ ಯಂತ್ರದ ವರದಿ ಒಪ್ಪಿಗೆ ಕೋರುವ ಆ ಪುಲ್ ರಿಕ್ವೆಸ್ಟ್ ಪುಟದೊಳಗೇ, ತಪ್ಪಿರುವ ಸಾಲಿನ ಕೆಳಗೇ ಮೂಡುವಂತೆ ಮಾಡಿದಳು. ನಾಲ್ಕಕ್ಕೆ ಕೋಡ್ ನೋಡಿ ಪಡೆಯಲು ಆಸ್ಪತ್ರೆಯ ಡಾಕ್ಟರಮ್ಮ ಬಂದರು.

"ನಿಮ್ಮ ಕೋಡ್ ನೀವೇ ತೋರಿಸಿ ಸಾರ್," ಎಂದಳು ಪರೀಕ್ಷಕಿ.

ಶೆಣೈ ಹೆಮ್ಮೆಯಿಂದ ದೊಡ್ಡ ಪರದೆಯಲ್ಲಿ ಪುಟ ತೆರೆದರು. ಎಂಬತ್ತೆಂಟನೇ ಸಾಲಿನ ಕೆಳಗೆ ಕೆಂಪಗೆ ಬರೆದಿತ್ತು: 'ತೂಕ ನಮೂದಿಸದಿದ್ದರೆ ಮಗುವಿಗೂ ದೊಡ್ಡವರ ಪ್ರಮಾಣ ಬರುತ್ತದೆ.'

"ಇದನ್ನು ಬರೆದವರು ಯಾರು?" ಎಂದರು ಡಾಕ್ಟರಮ್ಮ.

"ಅದು... ಯಂತ್ರ."

"ಕೆಂಪಕ್ಷರ ಯಂತ್ರದ್ದು. ಮೇಲಿನ ಕಪ್ಪಕ್ಷರ ಯಾರದು?"

ಶೆಣೈ ಕನ್ನಡಕ ಒರೆಸಿದರು. ಮತ್ತೆ ಒರೆಸಿದರು. ಆಮೇಲೆ ಪರೀಕ್ಷಕಿಯ ಕಡೆ ಬಾಗಿ ಪಿಸುಗುಟ್ಟಿದರು: "ಈಗ ಒತ್ತಿಬಿಡು ತಾಯಿ, ನಾಳೆ ಸರಿಮಾಡೋಣ."

"ಓದಿದ ಮೇಲೆ ಒತ್ತಬೇಕು ಅಂತ ತಾನೇ ಸಾರ್ ನಿಯಮ? ಈಗ ಎಲ್ಲರೂ ಓದಿದ್ದೀವಲ್ಲ."

ಅಷ್ಟು ಹೇಳಿ, ಎಲ್ಲರೂ ನೋಡುತ್ತಿರುವಂತೆಯೇ, ಆಕೆ 'ತಿರಸ್ಕರಿಸು' ಗುಂಡಿಯನ್ನು ಒತ್ತಿದಳು.