ಸುಣ್ಣದ ಗೆರೆ

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ಇದ್ದವರು ಇಬ್ಬರೇ, ಅಡವಯ್ಯಜ್ಜ ಮತ್ತು ಅವರ ಶಿಷ್ಯ ಕಲ್ಲಿನಾಥ.

ಅಜ್ಜಾರು ಕಾವಿ ಉಡುವ ಮೊದಲು ಬಹಳ ವರ್ಷ ಲಾರಿ ಓಡಿಸಿದವರು. ಮಠಕ್ಕೆ ಭಕ್ತರೊಬ್ಬರು ಕೊಟ್ಟ ಹಳೇ ಬಿಳಿ ಕಾರೊಂದಿತ್ತು. ಊರಲ್ಲಿ ಯಾರಿಗೆ ಜಡ್ಡಾದರೂ ಅದೇ ಗತಿ.

ಕಲ್ಲಿನಾಥನ ತಂಗಿ ಪಾರವ್ವ ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸು ಹೊಟ್ಟೆಯಲ್ಲಿ ಅಡ್ಡ ಇದೆ, ಬ್ಯಾನಿ ಬರುವ ಮೊದಲೇ ತಾಲೂಕಿನ ದೊಡ್ಡ ದವಾಖಾನೆ ಸೇರಿಸಿ ಎಂದಿದ್ದಳು ನರ್ಸಮ್ಮ. ಮರುದಿನ ಬೆಳಿಗ್ಗೆ ಹೊರಡುವುದು ಎಂದಾಯಿತು. ಕಾವಿ ಉಟ್ಟ ಮೇಲೆ ಅಜ್ಜಾರು ಸ್ಟೇರಿಂಗ್ ಹಿಡಿದವರಲ್ಲ; ಕಾರು ಓಡಿಸುವವನು ಕಲ್ಲಿನಾಥನೇ.

ಅವನು ಅಜ್ಜಾರ ಮುಂದೆ ಬಂದು ನಿಂತ.

"ಅಜ್ಜಾರ, ಗಾಡಿ ಟಕ್ ಅಂತೈತ್ರಿ."

"ಎಲ್ಲಿ?"

"ಎಲ್ಲಾ ಕಡೆ ರಿ. ಇಂಜಿನ್ನಿನಾಗ ಅಂದಂಗ ಆಗ್ತೈತಿ, ಗಾಲ್ಯಾಗ ಅಂದಂಗ ಆಗ್ತೈತಿ. ಮಲಕೊಂಡ್ರ ತಲಿದಿಂಬಿನಾಗೂ ಕೇಳ್ತೈತ್ರಿ."

"ಯಾವಾಗ ಅಂತೈತಿ?"

"ನನಗ ಹೆದರಿಕಿ ಆದಾಗ."

"ನಿಂದಲ್ಲೋ ತಮ್ಮಾ, ಗಾಡೀದು ಕೇಳಿದೆ. ಗಾಡಿ ಯಾವಾಗ ಅಂತೈತಿ?"

ಅದನ್ನು ಅವನು ನೋಡಿಯೇ ಇರಲಿಲ್ಲ. ಹೋಗಿ ಅಂಗಳದಲ್ಲಿ ಕಾರನ್ನು ಹಿಂದೆ ಮುಂದೆ ಓಡಿಸಿ ಬಂದ.

"ನಿಂತ ಗಾಡಿ ಮುಂದಕ್ಕ ಎತ್ತುವಾಗ ಒಮ್ಮೆ ಟಕ್ ಅಂತೈತ್ರಿ. ರಿವರ್ಸ್ ಹಾಕಿದಾಗ ಒಮ್ಮೆ."

"ಹಂಗಾದ್ರ ಗಾಲಿ ಎಳಿಯೂ ಕೀಲು ಎಲ್ಲೋ ಸಡ್ಲಾಗೈತಿ. ಗಾಲಿಗೆ ಕಲ್ಲು ಕೊಟ್ಟು ಕೆಳಗ ಹೋಗು. ಒಂದು ಕೈಲೆ ಶಾಫ್ಟ್ ಹಿಡಿ, ಇನ್ನೊಂದು ಕೈಲೆ ಅದರ ಹಿಂದಿನ ತಟ್ಟಿ ಹಿಡಿದು ತಿರುವು."

ಕಲ್ಲಿನಾಥ ಕಾರಿನ ಕೆಳಗೆ ನುಸುಳಿದ. ಗೇರಿನ ಪೆಟ್ಟಿಗೆಯಿಂದ ಹಿಂದಿನ ಗಾಲಿಗಳ ತನಕ ಆ ಉದ್ದನೆಯ ಶಾಫ್ಟ್. ಅದರ ಕೊನೆಯಲ್ಲಿ ದುಂಡನೆಯ ತಟ್ಟೆ, ಆ ತಟ್ಟೆ ಹಿಂದಿನ ಅಚ್ಚಿನ ತಟ್ಟೆಗೆ ನಾಲ್ಕು ಬೋಲ್ಟಿನಿಂದ ಕೂಡಿತ್ತು. ತಟ್ಟೆಗೂ ಶಾಫ್ಟಿಗೂ ನಡುವೆ ಕೀಲಾಗಿ ನಾಲ್ಕು ತೋಳಿನ ಒಂದು ಕ್ರಾಸ್. ಅವನು ತಿರುವಿದ ಕೂಡಲೇ ಕ್ರಾಸ್ ಅವನ ಕೈಯಲ್ಲೇ ಟಕ್ ಎಂದಿತು.

"ಸಿಕ್ತು ರಿ!" ಎಂದು ಕೂಗಿದ. ಮರುಗಳಿಗೆಯೇ ದನಿ ಇಳಿಯಿತು. "ಅಯ್ಯಯ್ಯೋ, ಪಾರವ್ವ ಕುಂತಾಗ ನಡುದಾರ್ಯಾಗ ಕಳಚಿ ಬಿದ್ದಿದ್ರ?"

"ಬಿದ್ದಿಲ್ಲ," ಎಂದರು ಅಜ್ಜಾರು.

ಗೋಡೆಗೆ ಬಳಿಯಲು ಕಲಸಿಟ್ಟ ಸುಣ್ಣದಲ್ಲಿ ಬೆರಳದ್ದಿಕೊಂಡು ತಾವೂ ಕಾರಿನ ಕೆಳಗೆ ಹೋದರು. ಶಾಫ್ಟಿನ ತಟ್ಟೆ, ಅಚ್ಚಿನ ತಟ್ಟೆ ಎರಡರ ಮೇಲೂ ಹಾಯುವಂತೆ ಒಂದು ಗೆರೆ ಎಳೆದರು. ಕಲ್ಲಿನಾಥ ಮಲಗಿದಲ್ಲೇ ಕೈ ಮುಗಿದ.

"ಗ್ವಾಡಿ ಮಾಡದಾಗ ಹೊಸಾ ಕ್ರಾಸ್ ಐತಿ. ಬಿಚ್ಚು, ಹಾಕು," ಎಂದು ಅಜ್ಜಾರು ಹೊಳೆಗೆ ಸ್ನಾನಕ್ಕೆ ನಡೆದರು.

ಅವನು ಬಿಚ್ಚಿದ. ಹಳೇ ಕ್ರಾಸಿನ ತೋಳತುದಿಯ ಬಟ್ಟಲುಗಳಲ್ಲಿ ಗ್ರೀಸಿನ ಹನಿಯೂ ಇರಲಿಲ್ಲ. ಕುಂಕುಮದಂಥ ಕೆಂಪು ತುಕ್ಕಿನ ಹುಡಿ ಉದುರಿತು. ಹೊಸದಕ್ಕೆ ಗ್ರೀಸ್ ತುಂಬಿ, ಹಗೂರಕ್ಕೆ ಬಡಿದು ಕೂರಿಸಿದ. ಕೆಲಸವೇನೋ ಚೊಕ್ಕಟವಾಗಿಯೇ ಮಾಡಿದ.

ಆದರೆ ಭಯಸ್ಥನ ಭಕ್ತಿಗೆ ಮಿತಿ ಎಲ್ಲಿಯದು? ನಾಳೆ ತಂಗಿ ಕೂರುವ ಗಾಡಿ, ಮೈಲಿಗೆ ಇರಬಾರದು ಎಂದು ಎರಡೂ ತಟ್ಟೆಗಳನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತಿಕ್ಕಿ ತೊಳೆದ. ಮೂರು ಬೆರಳಿನಿಂದ ಶಾಫ್ಟಿಗೆ ವಿಭೂತಿ ಬಳಿದ. ಆಮೇಲೆ ಬೋಲ್ಟು ಬಿಗಿದು, ಕಾರನ್ನು ಟಾರ್ ರಸ್ತೆಗೆ ಒಯ್ದ.

ಟಕ್ ಹೋಗಿತ್ತು. ಆದರೆ ವೇಗ ಏರಿದಂತೆ ಇಡೀ ಕಾರು ನಡುಗತೊಡಗಿತು. ಸ್ಟೇರಿಂಗ್ ನಡುಗಿತು, ಕನ್ನಡಿ ನಡುಗಿತು, ಸೀಟು ನಡುಗಿತು. ಆ ಸೀಟಿನ ಮೇಲೆ ತುಂಬಿದ ಹೊಟ್ಟೆಯ ಪಾರವ್ವನನ್ನು ನೆನೆದು ಅವನು ಕಾರನ್ನು ಮಠಕ್ಕೆ ತಿರುಗಿಸಿದ.

ಅಜ್ಜಾರು ಒದ್ದೆ ಬಟ್ಟೆ ಹಿಂಡುತ್ತಿದ್ದರು.

"ಕೆಡಿಸಿಬಿಟ್ಟೆ ರಿ ಅಜ್ಜಾರ. ಹೊಸಾ ಕ್ರಾಸ್ ಹಾಕೀನಿ, ಗಾಡಿ ಗಡಗಡ ನಡಗ್ತೈತಿ."

ಅಜ್ಜಾರು ಬಗ್ಗಿ ನೋಡಿದರು. "ಗೆರಿ ಎಲ್ಲಿ?"

"ತೊಳದೆ ರಿ. ವಿಭೂತಿ ಹಚ್ಚೀನಲ್ಲ."

ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾ ಪೂಜಿ ಮಾಡಿದ್ನೇನೋ ಹುಚ್ಚಪ್ಪಾ? ಮೊದಲ ಹೆಂಗ ಕೂಡಿದ್ದುವೋ ಹಂಗ ಕೂಡ್ಲಿ ಅಂತ ಗುರುತು ಹಾಕಿದ್ದೆ. ತಿರುಗಿಸಿ ಕೂಡಿಸಿದ್ರ ತೂಕ ತಪ್ತೈತಿ, ನಡಗ್ತೈತಿ."

"ಈಗ ಯಾವ ತೂತಿಗೆ ಯಾವ ತೂತು ರಿ?"

"ನನಗೇನ ಗೊತ್ತು? ತೊಳದಾಂವ ನೀ."

ಬಿಚ್ಚಿ, ಒಂದು ತೂತು ಸರಿಸಿ, ಮತ್ತೆ ಬಿಗಿದು, ರಸ್ತೆಗೆ ಹೋಗಿ ಬಂದ. ನಡುಕ ಹಾಗೇ ಇತ್ತು. ಇನ್ನೊಂದು ಸರಿಸಿದ. ಮೊದಲಿಗಿಂತ ಜಾಸ್ತಿಯಾಯಿತು. ಹೊತ್ತು ಇಳಿಯುತ್ತಿತ್ತು. ಕಲ್ಲಿನಾಥ ಮಣ್ಣಲ್ಲೇ ಕುಸಿದು ಕೂತ.

"ಒಂದು ಮಂತ್ರ ಕೊಡ್ರಿ ಅಜ್ಜಾರ. ಮೊದಲ ಈ ಹೆದರಿಕಿ ಹೋಗಲಿ. ಆಮ್ಯಾಲ ಕೆಲಸ ಮಾಡ್ತೀನಿ."

ಅಜ್ಜಾರು ಬೋಲ್ಟು ಬಿಚ್ಚುವ ಪಾನಾ ಅವನ ಕೈಗೆ ಕೊಟ್ಟರು. ಮಂತ್ರ ಕೊಡಲಿಲ್ಲ.

ಉಳಿದದ್ದು ಒಂದೇ ತೂತು. ಅದಕ್ಕೆ ಕೂಡಿಸಿ ಬಿಗಿದ. ಟಾರ್ ರಸ್ತೆಯಲ್ಲಿ ಕಾರು ತಣ್ಣಗೆ ಓಡಿತು. ಅವನು ಹಿಂದಿರುಗಿ ಬಂದು, ಯಾರೂ ಹೇಳದೆಯೇ ಸುಣ್ಣದಲ್ಲಿ ಬೆರಳದ್ದಿ, ಎರಡೂ ತಟ್ಟೆಗಳ ಮೇಲೆ ಒಂದು ಗೆರೆ ಎಳೆದ.

ಬೆಳಿಗ್ಗೆ ಪಾರವ್ವ ಅವ್ವನ ಹೆಗಲಿಗೆ ಒರಗಿ ಹಿಂದಿನ ಸೀಟಿನಲ್ಲಿ ಕೂತಳು. "ಅಣ್ಣಾ, ಸಾವಕಾಶ ಹೊಡಿ," ಎಂದಳು.

ಕಲ್ಲಿನಾಥ ಇಂಜಿನ್ ಶುರು ಮಾಡಿದ. ಆದರೆ ಕಾರು ಕದಲಲಿಲ್ಲ. ಗೇರಿನ ಹಿಡಿಯ ಮೇಲಿಟ್ಟ ಕೈಯನ್ನು ಅವನು ಮತ್ತೆ ಹಿಂತೆಗೆದ.

ಅಜ್ಜಾರು ಕಿಟಕಿಯ ಹತ್ತಿರ ಬಂದರು.

"ಗಾಡ್ಯಾಗ ಏನೂ ಸಪ್ಪಳಿಲ್ಲ ರಿ ಅಜ್ಜಾರ," ಎಂದ ಅವನು, ಹಿಂದಿನವರಿಗೆ ಕೇಳದಂತೆ. "ನನ್ನ ಎದಿ ಒಂದ ಬಡಕೊಳ್ಳಾಕತ್ತೈತಿ. ನಿನ್ನೆ ಎಷ್ಟಿತ್ತೋ ಅಷ್ಟ ಐತಿ. ಇದಕ್ಕೇನ ಮಾಡ್ಲಿ?"

ಅಜ್ಜಾರು ಕಿಟಕಿಯೊಳಗೆ ಕೈ ಹಾಕಿ ಅವನ ಎದೆಯ ಮೇಲಿಟ್ಟರು. ಕಣ್ಣು ಮುಚ್ಚಿ ತುಸು ಹೊತ್ತು ಕೇಳಿದರು.

"ಇದು ಸವದದ್ದಲ್ಲೋ ತಮ್ಮಾ. ಇದನ್ನ ಬಿಚ್ಚಾಕ ಹೋಗಬ್ಯಾಡ. ಗಾಡಿ ಹೊಡಿ."