ಹಿಂದಕ್ಕೆ ಸರಿಯುವ ಬೈಕು

ನೀರುಗಂಟಿ ಮುದ್ದಯ್ಯ ಗುಡ್ಡದ ಮೇಲಿನ ನೀರಿನ ಟ್ಯಾಂಕಿಗೆ ಹತ್ತಿಳಿಯಲೆಂದು ಗುಜರಿಯಿಂದ ಹಳೆಯ ಟೂ-ಸ್ಟ್ರೋಕ್ ಬೈಕೊಂದನ್ನು ತಂದ. ಬೇಸಿಗೆಯೆಲ್ಲ ಕೂತು ತಾನೇ ರಿಪೇರಿ ಮಾಡಿದ. ಅದು ಓಡಿದ ದಿನವೇ ಪಂಚಾಯ್ತಿ ಅಧ್ಯಕ್ಷರ ಕಣ್ಣು ಬಿತ್ತು.

“ಲೇ ಮುದ್ದ, ನಾಳೆ ಬಂದು ತಗೊಂಡೋಗ್ತೀನಿ. ಕೊಡಲ್ಲ ಅಂದ್ರೆ ನಿನ್ನ ಕೆಲಸ ಇರಲ್ಲ.”

ಮುದ್ದಯ್ಯನಿಗೆ ಅನ್ನ ಸೇರಲಿಲ್ಲ. ರಿಪೇರಿಯ ದಿನಗಳಲ್ಲಿ ಒಮ್ಮೆ ಕಿಡಿ ಹಾರುವ ಹೊತ್ತು ತಪ್ಪಿ ಎಂಜಿನ್ನು ಉಲ್ಟಾ ತಿರುಗಿತ್ತು. ಗೇರು ಹಾಕಿದೊಡನೆ ಬೈಕು ಹಿಂದಕ್ಕೋಡಿ ಅವನನ್ನು ಬೇಲಿಗೆ ಕೆಡವಿತ್ತು. ಅದು ನೆನಪಾಗಿ ರಾತ್ರಿಯೇ ಸ್ಪಾನರ್ ಹಿಡಿದು ಬೈಕಿನ ಪಕ್ಕ ಕೂತ.

ಮರುದಿನ ಅಧ್ಯಕ್ಷರು ಊರವರೆದುರು ಬೈಕು ಹತ್ತಿದರು. ಮುದ್ದಯ್ಯನೇ ಕಿಕ್ ಹೊಡೆದುಕೊಟ್ಟ. ಗೇರು ಬಿತ್ತು. ಬೈಕು ಹಿಂದಕ್ಕೆ ನುಗ್ಗಿ ಅವರನ್ನು ತಿಪ್ಪೆಯ ಮೇಲೆ ಕೂರಿಸಿತು.

“ಏನೋ ಇದು?”

ಮುದ್ದಯ್ಯ ಕೈಮುಗಿದ. “ನಿಮ್ಮನ್ನ ಕಂಡ್ರೆ ನಾವೆಲ್ಲ ಹಿಂದಕ್ಕೆ ಸರೀತೀವಲ್ಲ ಬುದ್ದಿ, ನೋಡಿ ನೋಡಿ ಗಾಡಿನೂ ಕಲ್ತುಬಿಟ್ಟಿದೆ.”

“ಆ ಅಭ್ಯಾಸ ಬಿಡಿಸು!”

“ಬಿಡಿಸಬೋದು ಬುದ್ದಿ. ಆದ್ರೆ ಮೊದಲು ನಾವು ಬಿಡಬೇಕು.”

ಅಧ್ಯಕ್ಷರು ಸುತ್ತ ನಿಂತವರನ್ನು ನೋಡಿದರು. ಯಾರೂ ನಗಲಿಲ್ಲ. ಯಾರೂ ಹಿಂದೆ ಸರಿಯಲೂ ಇಲ್ಲ.

“ಬೇಡ ಬೇಡ,” ಎಂದರು ಪಂಚೆ ಕೊಡವುತ್ತ. “ಗಾಡಿ ನೀನೇ ಇಟ್ಕೊ. ಹೋಗು, ನೀರು ಬಿಡು.”